ಇ-ರೀಡರ್‌ಗೆ ಕಂಪೈಲ್ ಮಾಡಿದ ಕರ್ನಲ್ ಮಾಡ್ಯೂಲ್ ಲೋಡ್ ಆಗ್ತಿಲ್ವಾ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕೋಬೋ ಕ್ಲಾರಾ ಎಚ್‌ಡಿ ನೋಡೋಕೆ ಪುಸ್ತಕ ಓದುವ ಪುಟ್ಟ ಹಲಗೆ. ಒಳಗೆ ಮಾತ್ರ ಪೂರ್ತಿ ಲಿನಕ್ಸ್ ಇದೆ. ಐ.ಎಂಎಕ್ಸ್6ಎಸ್‌ಎಲ್‌ಎಲ್ ಪ್ರೊಸೆಸರ್, 512 ಎಂಬಿ ರ್‍ಯಾಮ್, 4.1.15 ಕರ್ನಲ್ (ಲಿನಕ್ಸಿನ ತಿರುಳು). ನನಗೆ ಬೇಕಾಗಿದ್ದು ಒಂದು ಸಣ್ಣ ಅನುಕೂಲ. ಮನೆಯ ಕಂಪ್ಯೂಟರಿನಲ್ಲಿರುವ ಪುಸ್ತಕಗಳ ಫೋಲ್ಡರನ್ನು ವೈಫೈ ಮೂಲಕ ಕ್ಲಾರಾದಲ್ಲೇ ತೆರೆಯಬೇಕಿತ್ತು. ಅದಕ್ಕೆ ಸಿಐಎಫ್‌ಎಸ್ ಅನ್ನುವ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಆಮೇಲೆ ಸೇರಿಸಬಹುದಾದ ಒಂದು ತುಂಡು ಕೋಡ್, ಬೇಕು. ನನ್ನದರಲ್ಲಿ ಅದು ಇರಲಿಲ್ಲ, ಹಾಗಾಗಿ ಸೋರ್ಸ್ ಕೋಡಿನಿಂದ ಕಂಪೈಲ್ ಮಾಡಲು (ಸಾಧನ ಓಡಿಸಬಲ್ಲ ರೂಪಕ್ಕೆ ತರಲು) ಕೂತೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದು ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ಎಡವಿದ ಜಾಗಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಿ. ಉದಾಹರಣೆ ಕ್ಲಾರಾದ್ದು. ಬೇರೆ ಕೋಬೋ, ಕಿಂಡಲ್ ಇಟ್ಟುಕೊಂಡವರಿಗೂ ದಾರಿ ಹೆಚ್ಚುಕಡಿಮೆ ಇದೇ. ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಮಾಡ್ಯೂಲನ್ನು ಕರ್ನಲ್‌ಗೆ ಸೇರಿಸುವ ಇನ್ಸ್‌ಮಾಡ್ ಆಜ್ಞೆ ತೋರಿಸುವ ಒಂದು ಸಾಲಿನ ದೂರು ಅರ್ಧ ಮಾತು. ಉಳಿದರ್ಧ ಕರ್ನಲ್ ಲಾಗ್‌ನಲ್ಲಿರುತ್ತದೆ. ಡಿ, ಎಂ, ಇ, ಎಸ್, ಜಿ ಅಂತ ಟೈಪ್ ಮಾಡಿದರೆ ಆ ಲಾಗ್ ಕಾಣುತ್ತದೆ. ಅದರ ಕೊನೆಯ ಹತ್ತು ಸಾಲು ಓದದೆ ಏನನ್ನೂ ಬದಲಾಯಿಸಬೇಡಿ.

## ಕೈ ಹಾಕುವ ಮುನ್ನ

ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರಲಿ. ಆಮೇಲೆ ಬ್ಯಾಕಪ್. ಕ್ಲಾರಾ ಎಚ್‌ಡಿಯ ಒಂದು ದೊಡ್ಡ ಗುಣ ಅಂದ್ರೆ ಅದರ ಸ್ಟೋರೇಜ್ ಬೋರ್ಡಿಗೆ ಬೆಸುಗೆ ಹಾಕಿದ ಚಿಪ್ ಅಲ್ಲ, ಒಳಗೆ ಸಿಕ್ಕಿಸಿದ 8 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್. ಸಾಧನವನ್ನು ಪೂರ್ತಿ ಆಫ್ ಮಾಡಿ. ಹಿಂಬದಿಯ ಮುಚ್ಚಳವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಎಬ್ಬಿಸಿ. ಲೋಹದ ಸ್ಕ್ರೂಡ್ರೈವರ್ ಬೇಡ. ಬ್ಯಾಟರಿ ಲಿಥಿಯಂ ಚೀಲ, ಚುಚ್ಚಿದರೆ ಅಥವಾ ಮಡಚಿದರೆ ಬೆಂಕಿ ಹತ್ತಬಹುದು.

ಕಾರ್ಡನ್ನು ಕಂಪ್ಯೂಟರಿನ ಕಾರ್ಡ್ ರೀಡರ್‌ಗೆ ಹಾಕಿ, ಡಿಡಿ ಆಜ್ಞೆಯಿಂದ ಇಡೀ ಕಾರ್ಡಿನ ಇಮೇಜ್ ತೆಗೆದಿಡಿ. ಪಾರ್ಟಿಷನ್‌ಗಳನ್ನು ಮಾತ್ರ ನಕಲು ಮಾಡಿದರೆ ಸಾಲದು. ಬೂಟ್‌ಲೋಡರ್ ಮತ್ತು ಕರ್ನಲ್ ಇರುವುದು ಪಾರ್ಟಿಷನ್‌ಗಳ ಹೊರಗೆ, ಕಾರ್ಡಿನ ಆರಂಭದ ಖಾಲಿ ಜಾಗದಲ್ಲಿ. ಡಿಡಿ ಬಳಸುವಾಗ ಡಿಸ್ಕಿನ ಹೆಸರನ್ನು ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಎರಡು ಸಲ ನೋಡಿಕೊಳ್ಳಿ. ಒಂದು ಅಕ್ಷರ ತಪ್ಪಿದರೆ ಅಳಿಯುವುದು ನಿಮ್ಮ ಕಂಪ್ಯೂಟರಿನ ಡಿಸ್ಕ್.

ಸಾಧನದ ಒಳಗೆ ಹೋಗಲು ನಾನು ಕೆಒರೀಡರ್ ಅನ್ನುವ ಪುಸ್ತಕ ಓದುವ ಆ್ಯಪ್‌ನ ಎಸ್‌ಎಸ್‌ಎಚ್ ಸರ್ವರ್ (ಕಂಪ್ಯೂಟರಿನಿಂದಲೇ ಸಾಧನಕ್ಕೆ ಆಜ್ಞೆ ಕೊಡುವ ದಾರಿ) ಬಳಸುತ್ತೇನೆ. ಅದು 2222ನೇ ಪೋರ್ಟ್‌ನಲ್ಲಿ ಕೂತಿರುತ್ತದೆ. ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುವ ಆಯ್ಕೆಯನ್ನು ಮನೆಯ ವೈಫೈಯಲ್ಲಿ ಮಾತ್ರ ಹಾಕಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ. ಒಳಗೆ ಹೋದ ತಕ್ಷಣ ಮೂರು ವಿಷಯ ಬರೆದಿಟ್ಟುಕೊಳ್ಳಿ.

- ಯುನೇಮ್ ಮೈನಸ್ ಆರ್ ತೋರಿಸುವ ಕರ್ನಲ್ ಹೆಸರು, ಕೊನೆಯ ಚುಕ್ಕಿ-ಗೆರೆ ಸಮೇತ.
- /ಪ್ರಾಕ್/ವರ್ಷನ್ ಫೈಲಿನಲ್ಲಿರುವ ಸಾಲು. ಆ ಕರ್ನಲನ್ನು ಜಿಸಿಸಿ ಅನ್ನುವ ಕಂಪೈಲರಿನ ಯಾವ ಆವೃತ್ತಿಯಿಂದ ಕಂಪೈಲ್ ಮಾಡಿದ್ದಾರೆ ಅನ್ನುವುದು ಅದರಲ್ಲೇ ಇರುತ್ತದೆ.
- /ಪ್ರಾಕ್/ಕಾನ್ಫಿಗ್.ಜಿಝಡ್ ಇದ್ದರೆ ಅದರ ನಕಲು. ಕರ್ನಲ್ ಕಂಪೈಲ್ ಮಾಡುವಾಗ ಆರಿಸಿದ ಆಯ್ಕೆಗಳ ಪಟ್ಟಿ, ಅಂದರೆ ಕಾನ್ಫಿಗ್, ಅದರಲ್ಲಿರುತ್ತದೆ. ಇದು ಸಿಕ್ಕರೆ ಮುಕ್ಕಾಲು ಕೆಲಸ ಆದ ಹಾಗೆ.

ಸೋರ್ಸ್ ಕೋಡ್ ತಯಾರಕರದ್ದೇ ಆಗಿರಬೇಕು. ಕೋಬೋ ಕಂಪನಿ ತನ್ನ ಕರ್ನಲ್ ಸೋರ್ಸನ್ನು ಗಿಟ್‌ಹಬ್‌ನ ‘ಕೋಬೋ-ರೀಡರ್’ ರೆಪೊಸಿಟರಿಯಲ್ಲಿ ಸಾಧನವಾರು ಇಟ್ಟಿದೆ. “4.1.15 ಅಲ್ವಾ, ಕರ್ನಲ್.ಆರ್ಗ್‌ನಿಂದ ಅದನ್ನೇ ಇಳಿಸಿಕೊಂಡರಾಯ್ತು” ಅನ್ನಿಸಬಹುದು. ಅಂಕಿ ಒಂದೇ, ಕೋಡ್ ಬೇರೆ. ಪರದೆ, ವಿದ್ಯುತ್ ನಿರ್ವಹಣೆ, ವೈಫೈಗೆಲ್ಲ ಚಿಪ್ ತಯಾರಕರೂ ಸಾಧನ ತಯಾರಕರೂ ಸಾವಿರಾರು ಸಾಲು ಸೇರಿಸಿರುತ್ತಾರೆ.

## ಲಕ್ಷಣ: ಕಂಪೈಲೇ ಆಗುತ್ತಿಲ್ಲ

ಈ ಹಂತದಲ್ಲಿ ಸಾಧನಕ್ಕೆ ಯಾವ ಅಪಾಯವೂ ಇಲ್ಲ. ದೋಷ ಪೂರ್ತಿ ನಿಮ್ಮ ಕಂಪ್ಯೂಟರಿನದ್ದು. ಸಾಮಾನ್ಯವಾಗಿ ಕಾರಣ ಒಂದೇ: ಕರ್ನಲ್ ಹಳೆಯದು, ನಿಮ್ಮ ಉಪಕರಣಗಳು ಹೊಸವು. 4.1 ಕರ್ನಲ್ ಬಂದದ್ದು 2015ರ ಜೂನ್‌ನಲ್ಲಿ. ಇವತ್ತಿನ ಜಿಸಿಸಿಯ ಪರಿಚಯವೇ ಅದಕ್ಕಿಲ್ಲ.

“ಬಿಸಿ: ನಾಟ್ ಫೌಂಡ್” ಅಂತ ಬಂದು ಟೈಮ್‌ಕಾನ್ಸ್ಟ್ ಫೈಲಿನ ಹತ್ತಿರ ನಿಂತರೆ ಖರ್ಚಿಲ್ಲದ ಪರಿಹಾರ. ಬಿಸಿ ಅನ್ನುವ ಪುಟ್ಟ ಲೆಕ್ಕದ ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿ, ಅಷ್ಟೇ.

“ಲಿನಕ್ಸ್/ಕಂಪೈಲರ್-ಜಿಸಿಸಿ” ಎಂದು ಶುರುವಾಗಿ ಪಕ್ಕದಲ್ಲಿ 7, 9, 11 ಇಂಥ ಅಂಕಿ ಇರುವ ಫೈಲ್ ಸಿಗುತ್ತಿಲ್ಲ ಅಂದರೆ, ನಿಮ್ಮ ಕ್ರಾಸ್ ಕಂಪೈಲರ್ (ಕಂಪ್ಯೂಟರಿನಲ್ಲಿ ಓಡುತ್ತಾ ಸಾಧನದ ಪ್ರೊಸೆಸರ್‌ಗೆ ಕಂಪೈಲ್ ಮಾಡುವ ಜಿಸಿಸಿ) ತೀರಾ ಹೊಸದು. 4.1 ಕರ್ನಲ್‌ನಲ್ಲಿ ಈ ಫೈಲುಗಳು ಜಿಸಿಸಿ 5ರ ತನಕ ಮಾತ್ರ ಇವೆ. ಹಳೆಯ ಕೋಬೋಗಳ 3.0.35 ಕರ್ನಲ್‌ನಲ್ಲಿ 4ರ ತನಕ ಮಾತ್ರ. ಕೆಲವರು ಹಳೆಯ ಫೈಲನ್ನೇ ನಕಲು ಮಾಡಿ ಹೊಸ ಹೆಸರು ಕೊಡುತ್ತಾರೆ. ಆಗ ಈ ದೂರು ಹೋಗುತ್ತದೆ, ಮುಂದೆ ಅರ್ಥವಾಗದ ಇಪ್ಪತ್ತು ದೂರು ಬರುತ್ತವೆ. /ಪ್ರಾಕ್/ವರ್ಷನ್‌ನಲ್ಲಿ ಕಂಡ ಜಿಸಿಸಿಗೆ ಆದಷ್ಟು ಹತ್ತಿರದ್ದನ್ನೇ ಹುಡುಕಿಕೊಳ್ಳಿ. ಲಿನಾರೋದ 4.9 ನನಗೆ ಸರಿಹೋಯಿತು.

“ಮಲ್ಟಿಪಲ್ ಡೆಫಿನಿಷನ್ ಆಫ್ ವೈವೈಲಾಕ್” ಬಂದರೆ ಕ್ರಾಸ್ ಕಂಪೈಲರ್ ಬದಲಾಯಿಸಿ ಪ್ರಯೋಜನವಿಲ್ಲ. ಇದು ನಿಮ್ಮ ಕಂಪ್ಯೂಟರಿನದೇ ಜಿಸಿಸಿಯ ತಕರಾರು. 2020ರಲ್ಲಿ ಬಂದ ಜಿಸಿಸಿ 10ರಿಂದ ಒಂದೇ ಹೆಸರಿನ ವೇರಿಯಬಲ್ ಎರಡು ಕಡೆ ಘೋಷಿಸುವುದನ್ನು ಅದು ಒಪ್ಪುವುದಿಲ್ಲ. ಸ್ಕ್ರಿಪ್ಟ್ಸ್/ಡಿಟಿಸಿ ಫೋಲ್ಡರಿನ ಲೆಕ್ಸರ್ ಫೈಲಿನಲ್ಲಿ ಆ ಘೋಷಣೆಯ ಮುಂದೆ ‘ಎಕ್ಸ್‌ಟರ್ನ್’ ಸೇರಿಸಿದರೆ ಮುಗಿಯಿತು.

3.0.35ರಂಥ ಹಳೆಯ ಕರ್ನಲ್‌ನಲ್ಲಿ ಟೈಮ್‌ಕಾನ್ಸ್ಟ್ ಪರ್ಲ್ ಫೈಲು “ಡಿಫೈಂಡ್ ಬಳಸುವಂತಿಲ್ಲ” ಎಂದು ನಿಲ್ಲುತ್ತದೆ. ಪರ್ಲ್ 5.22ರಿಂದ ಅರೇ ಮುಂದೆ ‘ಡಿಫೈಂಡ್’ ಬರೆಯುವಂತಿಲ್ಲ. ಆ ಸಾಲಿನಿಂದ ಆ ಪದ ತೆಗೆದುಬಿಡಿ.

ಹೀಗೆ ಒಂದೊಂದಾಗಿ ತೇಪೆ ಹಾಕಿ ಬೇಸತ್ತರೆ, ಡೆಬಿಯನ್ 8 ಅನ್ನುವ ಹಳೆಯ ಲಿನಕ್ಸ್ ಇರುವ ಕಂಟೇನರ್ (ಕಂಪ್ಯೂಟರಿನೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ವ್ಯವಸ್ಥೆ) ಒಂದನ್ನು ಹಾಕಿಕೊಂಡು ಅದರೊಳಗೆ ಕೆಲಸ ಮಾಡಿ. ಅದೂ 2015ರದ್ದೇ. ಅದರ ಜಿಸಿಸಿ 4.9, ಪರ್ಲ್ 5.20. ಕರ್ನಲ್ ಮತ್ತು ಉಪಕರಣಗಳು ಒಂದೇ ಕಾಲದವಾದರೆ ಮೇಲಿನ ಜಗಳ ಒಂದೂ ಇರುವುದಿಲ್ಲ. ನಾನು ಇದನ್ನು ಎರಡನೇ ವಾರದಲ್ಲಿ ಮಾಡಿದೆ. ನೀವು ಮೊದಲ ದಿನವೇ ಮಾಡಿ.

## ಲಕ್ಷಣ: “ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್”

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕೆಒ ಫೈಲ್ (ಕಂಪೈಲ್ ಆದ ಮಾಡ್ಯೂಲ್) ತಯಾರಾಗಿದೆ, ಸಾಧನಕ್ಕೆ ಕಳಿಸಿದ್ದೀರಿ, ಇನ್ಸ್‌ಮಾಡ್ ಈ ಮೂರು ಪದ ಹೇಳಿ ಸುಮ್ಮನಾಗುತ್ತದೆ. ಮೂರು ಬೇರೆ ಬೇರೆ ಕಾಯಿಲೆಗೆ ಇದೊಂದೇ ಲಕ್ಷಣ. ಬೇರ್ಪಡಿಸುವುದು ಲಾಗ್‌ನಿಂದ.

ಲಾಗ್‌ನಲ್ಲಿ ಏನೂ ಇಲ್ಲ. ಕರ್ನಲ್ ಫೈಲಿನ ತಲೆಭಾಗ ನೋಡಿಯೇ ತಳ್ಳಿಹಾಕಿದೆ ಎಂದರ್ಥ. ಮೊದಲು ಕಂಪ್ಯೂಟರಿನಲ್ಲಿ ‘ಫೈಲ್’ ಆಜ್ಞೆಯಿಂದ ಕೆಒ ಫೈಲನ್ನು ನೋಡಿ. 32 ಬಿಟ್, ಆರ್ಮ್ ಅಂತ ಬರಬೇಕು. ಎಕ್ಸ್86-64 ಅಂತ ಬಂದರೆ ಮೇಕ್ ಸಾಲಿನಲ್ಲಿ ‘ಆರ್ಚ್=ಆರ್ಮ್’ ಮತ್ತು ‘ಕ್ರಾಸ್_ಕಂಪೈಲ್’ ಬಿಟ್ಟುಹೋಗಿದೆ, ನಿಮ್ಮ ಲ್ಯಾಪ್‌ಟಾಪಿಗೆ ಮಾಡ್ಯೂಲ್ ತಯಾರಾಗಿದೆ. ಆರ್ಮ್ ಅಂತಲೇ ಬಂದರೆ ಎರಡೂ ಕಡೆ ಎಂಡಿ5ಸಮ್ ಹಾಕಿ ಹೋಲಿಸಿ. ನಕಲು ಅರ್ಧಕ್ಕೆ ನಿಂತ ಫೈಲಿಗೂ ಇದೇ ಉತ್ತರ ಬರುತ್ತದೆ.

ಲಾಗ್‌ನಲ್ಲಿ “ವರ್ಷನ್ ಮ್ಯಾಜಿಕ್” ಅಂತ ಇದೆ. ಇದು ಒಳ್ಳೆಯ ಸುದ್ದಿ. ಏನು ತಪ್ಪಾಗಿದೆ ಅಂತ ಕರ್ನಲ್ಲೇ ಅಕ್ಷರ ಅಕ್ಷರವಾಗಿ ಹೇಳುತ್ತಿದೆ. ಆ ಸಾಲಿನಲ್ಲಿ ಎರಡು ವಾಕ್ಯಗಳಿರುತ್ತವೆ: ನಿಮ್ಮ ಮಾಡ್ಯೂಲ್‌ನದ್ದು ಒಂದು, “ಹೀಗಿರಬೇಕಿತ್ತು” ಅನ್ನುವುದು ಇನ್ನೊಂದು. ಎರಡನ್ನೂ ಒಂದರ ಕೆಳಗೊಂದು ಬರೆದುಕೊಳ್ಳಿ. ಸ್ಕ್ರೀನಿನ ಮೇಲೆ ಕಣ್ಣಲ್ಲಿ ಹೋಲಿಸಲು ಹೋಗಬೇಡಿ. ನಾನು ಎರಡು ದಿನ ಹಾಗೇ ನೋಡಿ “ಎರಡೂ ಒಂದೇ ಇದೆಯಲ್ಲ” ಅಂದುಕೊಂಡೆ. ಕೊನೆಗೆ ಚೌಕಳಿ ಹಾಳೆಯ ಮೇಲೆ ಒಂದು ಮನೆಗೆ ಒಂದು ಅಕ್ಷರದಂತೆ ಬರೆದಾಗ ಗೊತ್ತಾಯಿತು. ನನ್ನ ಸಾಲಿನಲ್ಲಿ ಕರ್ನಲ್ ಹೆಸರಿನ ಕೊನೆಗೆ ಒಂದು ‘+’ ಚಿಹ್ನೆ ಹೆಚ್ಚಾಗಿತ್ತು. ಅಷ್ಟೇ ವ್ಯತ್ಯಾಸ.

ಆ ‘+’ ಎಲ್ಲಿಂದ ಬಂತು? ಸೋರ್ಸ್ ಫೋಲ್ಡರ್ ಗಿಟ್ ರೆಪೊಸಿಟರಿ ಆಗಿದ್ದು, ಈಗಿನ ಕಮಿಟ್‌ಗೆ ಬಿಡುಗಡೆಯ ಟ್ಯಾಗ್ ಇಲ್ಲದಿದ್ದರೆ, ಕರ್ನಲ್ ಬಿಲ್ಡ್ ವ್ಯವಸ್ಥೆ ತಾನಾಗಿಯೇ ಅದನ್ನು ಸೇರಿಸುತ್ತದೆ. ಕಾನ್ಫಿಗ್_ಲೋಕಲ್‌ವರ್ಷನ್_ಆಟೋ ಆನ್ ಆಗಿದ್ದರೆ ಇನ್ನೂ ಉದ್ದದ ಬಾಲ ಬರುತ್ತದೆ: ಒಂದು ಗೆರೆ, ಅಂಕಿ, ‘ಜಿ’ ಅಕ್ಷರ, ಕಮಿಟ್ ಗುರುತು. ಸಾಧನದ ಕರ್ನಲ್‌ಗೆ ಇಂಥ ಬಾಲ ಇದ್ದರೆ ನಿಮ್ಮದಕ್ಕೂ ಅದೇ ಬೇಕು. ಇಲ್ಲದಿದ್ದರೆ ಇರಬಾರದು.

ಸರಿಪಡಿಸುವುದು ಹೀಗೆ. ಆಟೋ ಆಯ್ಕೆಯನ್ನು ಆಫ್ ಮಾಡಿ. ಯುನೇಮ್ ತೋರಿಸಿದ ಬಾಲವನ್ನು ಹಾಗ್ಹಾಗೇ ಕಾನ್ಫಿಗ್_ಲೋಕಲ್‌ವರ್ಷನ್‌ನಲ್ಲಿ ಬರೆಯಿರಿ. ಮೇಕ್ ಆಜ್ಞೆಯ ಸಾಲಿನಲ್ಲಿ ‘ಲೋಕಲ್‌ವರ್ಷನ್=’ ಅಂತ ಖಾಲಿ ಬಿಟ್ಟು ಸೇರಿಸಿ, ಆಗ ‘+’ ಬರುವುದಿಲ್ಲ. ಮತ್ತೆ ‘ಮೇಕ್ ಮಾಡ್ಯೂಲ್ಸ್_ಪ್ರಿಪೇರ್’ ಓಡಿಸಿ, ಇನ್‌ಕ್ಲೂಡ್/ಕಾನ್ಫಿಗ್ ಫೋಲ್ಡರಿನ ಕರ್ನಲ್.ರಿಲೀಸ್ ಫೈಲ್ ತೆರೆದು ನೋಡಿ. ಅಲ್ಲಿ ಸರಿಯಾದ ಹೆಸರು ಕಂಡ ಮೇಲೆ ಮಾಡ್ಯೂಲ್ ಕಂಪೈಲ್ ಮಾಡಿ.

ಹೆಸರು ಸರಿ ಇದ್ದು ಮುಂದಿನ ಪದಗಳಲ್ಲಿ ವ್ಯತ್ಯಾಸ ಇದ್ದರೆ? ಎಸ್‌ಎಂಪಿ, ಪ್ರಿಎಂಪ್ಟ್, ಮಾಡ್_ಅನ್‌ಲೋಡ್, ಮಾಡ್‌ವರ್ಷನ್ಸ್, ಆರ್ಮ್‌ವಿ7 — ಒಂದೊಂದೂ ಒಂದು ಕಾನ್ಫಿಗ್ ಆಯ್ಕೆಯ ನೆರಳು. ಇಲ್ಲಿ ಒಂದು ಮಾತು. ಐ.ಎಂಎಕ್ಸ್6ಎಸ್‌ಎಲ್‌ಎಲ್‌ಗೆ ಇರುವುದು ಒಂದೇ ಕೋರ್. ಹಾಗಂತ ಹಲವು ಕೋರ್‌ಗಳಿಗೆಂದು ಇರುವ ಎಸ್‌ಎಂಪಿ ಬೇಡ ಅಂದುಕೊಂಡು ತೆಗೆಯಬೇಡಿ. ಸಾಧನದ ಕರ್ನಲ್‌ನಲ್ಲಿ ಅದು ಇದ್ದರೆ ನಿಮ್ಮದರಲ್ಲೂ ಇರಬೇಕು.

ಲಾಗ್‌ನಲ್ಲಿ “ಡಿಸಗ್ರೀಸ್ ಅಬೌಟ್ ವರ್ಷನ್ ಆಫ್ ಸಿಂಬಲ್” ಅಥವಾ “ನೋ ಸಿಂಬಲ್ ವರ್ಷನ್” ಅಂತ ಇದೆ. ಹೆಸರು ಹೊಂದಿದೆ, ಒಳಗಿನ ಅಳತೆ ಹೊಂದಿಲ್ಲ. ಮಾಡ್‌ವರ್ಷನ್ಸ್ ಇರುವ ಕರ್ನಲ್ ತನ್ನ ಪ್ರತಿ ಫಂಕ್ಷನ್‌ಗೂ ಒಂದು ಸಿಆರ್‌ಸಿ ಅಂಕಿ ಇಟ್ಟಿರುತ್ತದೆ. ಆ ಫಂಕ್ಷನ್ ಬಳಸುವ ಸ್ಟ್ರಕ್ಚರ್‌ಗಳ ಆಕಾರ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಮಾಡ್ಯೂಲ್.ಸಿಮ್‌ವರ್ಸ್ ಫೈಲ್ ಇದೆಯಾ ಅಂತ ಮೊದಲು ನೋಡಿ. ಮಾಡ್ಯೂಲ್ಸ್_ಪ್ರಿಪೇರ್ ಅದನ್ನು ತಯಾರಿಸುವುದಿಲ್ಲ. ಇಡೀ ಕರ್ನಲ್ ಒಮ್ಮೆ ಕಂಪೈಲ್ ಆಗಬೇಕು. ಸಮಯ ಹಿಡಿಯುತ್ತದೆ, ಪರವಾಗಿಲ್ಲ. ಆ ಕರ್ನಲ್ ಇಮೇಜನ್ನು ಸಾಧನಕ್ಕೆ ಬರೆಯಲು ಮಾತ್ರ ಹೋಗಬೇಡಿ. ನಮಗೆ ಬೇಕಿರುವುದು ಸಿಮ್‌ವರ್ಸ್ ಫೈಲೊಂದೇ.

ಫೈಲ್ ಇದ್ದೂ ದೂರು ಬರುತ್ತಿದ್ದರೆ ಕಾನ್ಫಿಗ್ ಬೇರೆಯಾಗಿದೆ. ಸಾಧನದ ಕಾನ್ಫಿಗನ್ನೂ ನಿಮ್ಮದನ್ನೂ ಸ್ಕ್ರಿಪ್ಟ್ಸ್ ಫೋಲ್ಡರಿನ ಡಿಫ್‌ಕಾನ್ಫಿಗ್‌ಗೆ ಕೊಡಿ. ವ್ಯತ್ಯಾಸದ ಪಟ್ಟಿಯಲ್ಲಿ ‘ಎಂ’ ಆದ ಆಯ್ಕೆಗಳು ಬಹುತೇಕ ನಿರಪಾಯ. ‘ವೈ’ ಆದ ಆಯ್ಕೆ ಕಂಡರೆ ಅಲ್ಲೇ ನಿಲ್ಲಿ. ಮೆನುವಿನಲ್ಲಿ ಒಂದು ಮಾಡ್ಯೂಲ್‌ಗೆ ಟಿಕ್ ಹಾಕಿದಾಗ ಅದು ಸದ್ದಿಲ್ಲದೆ ಬೇರೆ ಆಯ್ಕೆಗಳನ್ನು ಎಳೆದುಕೊಂಡು ಬರುತ್ತದೆ. ನೆಟ್‌ವರ್ಕ್ ಪ್ಯಾಕೆಟ್ ಹೊತ್ತೊಯ್ಯುವ ಎಸ್‌ಕೆ_ಬಫ್ ಸ್ಟ್ರಕ್ಚರನ್ನೇ ತೆಗೆದುಕೊಳ್ಳಿ. ಬ್ರಿಡ್ಜ್ ನೆಟ್‌ಫಿಲ್ಟರ್ ಆನ್ ಮಾಡಿದರೆ ಅದರೊಳಗೆ ಒಂದು ಹೊಸ ಪಾಯಿಂಟರ್ ಸೇರುತ್ತದೆ, ಅದರ ನಂತರದ ಎಲ್ಲ ಅಂಶಗಳೂ ನಾಲ್ಕು ಬೈಟ್ ಮುಂದೆ ಸರಿಯುತ್ತವೆ. ಸಾಧನದ ಕರ್ನಲ್‌ಗೆ ಇದು ಗೊತ್ತಿಲ್ಲ. ನಿಮ್ಮ ಮಾಡ್ಯೂಲ್ ಒಂದು ಕಡೆ ಬರೆಯುತ್ತದೆ, ಕರ್ನಲ್ ಇನ್ನೊಂದು ಕಡೆ ಓದುತ್ತದೆ.

ಆದ್ದರಿಂದಲೇ ಬಲವಂತದ ಲೋಡ್ ಬೇಡ ಅನ್ನುತ್ತೇನೆ. ಇನ್ಸ್‌ಮಾಡ್‌ಗೆ ಮೈನಸ್ ಎಫ್ ಹಾಕುವುದು, ಹೆಕ್ಸ್ ಎಡಿಟರ್‌ನಲ್ಲಿ ವರ್ಷನ್ ಮ್ಯಾಜಿಕ್ ಅಕ್ಷರಗಳನ್ನು ತಿದ್ದುವುದು, ಎರಡನ್ನೂ ಜನ ಸಲಹೆ ಮಾಡುತ್ತಾರೆ. ನನ್ನ ಹಳೆಯ ಇನ್ನೊಂದು ರೀಡರ್‌ನಲ್ಲಿ ನಾನೂ ಹೀಗೆ ತಿದ್ದಿದ್ದೆ. ಆ ಕರ್ನಲ್‌ನಲ್ಲಿ ಮಾಡ್‌ವರ್ಷನ್ಸ್ ಇರಲಿಲ್ಲ, ಹಾಗಾಗಿ ತಡೆಯುವವರೂ ಇರಲಿಲ್ಲ. ಮಾಡ್ಯೂಲ್ ಲೋಡ್ ಆಯಿತು, ಖುಷಿಯಾಯಿತು. ಸುಮಾರು ಇಪ್ಪತ್ತು ನಿಮಿಷ ಓದಿದ ಮೇಲೆ ಪುಟ ತಿರುಗಿಸಿದಾಗ ಪರದೆ ಅರ್ಧ ಹಳೆ ಪುಟ, ಅರ್ಧ ಹೊಸ ಪುಟ ತೋರಿಸಿ ನಿಂತಿತು. ಮರುದಿನ ನೋಡಿದರೆ ಪುಸ್ತಕಗಳ ಡೇಟಾಬೇಸ್ ಕೆಟ್ಟಿತ್ತು, ಎರಡು ವರ್ಷದ ಓದಿನ ಟಿಪ್ಪಣಿಗಳು ಹೋಗಿದ್ದವು. ಕರ್ನಲ್ “ಬೇಡ” ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

## ಲಕ್ಷಣ: “ಅನ್‌ನೋನ್ ಸಿಂಬಲ್ ಇನ್ ಮಾಡ್ಯೂಲ್”

ಮಾಡ್ಯೂಲ್ ಕರೆಯುವ ಯಾವುದೋ ಫಂಕ್ಷನ್ ಕರ್ನಲ್‌ನಲ್ಲಿ ಸಿಗುತ್ತಿಲ್ಲ. ಯಾವುದು ಅಂತ ಲಾಗ್‌ನಲ್ಲಿ ಹೆಸರು ಸಮೇತ ಇರುತ್ತದೆ.

ಮಾಡ್ಯೂಲ್.ಸಿಮ್‌ವರ್ಸ್‌ನಲ್ಲಿ ಆ ಹೆಸರನ್ನು ಹುಡುಕಿ. ಪಕ್ಕದಲ್ಲಿ ಬೇರೊಂದು ಮಾಡ್ಯೂಲ್‌ನ ಹೆಸರಿದ್ದರೆ ಅದನ್ನು ಮೊದಲು ಲೋಡ್ ಮಾಡಬೇಕು. ಕಂಪ್ಯೂಟರಿನಲ್ಲಿ ಮಾಡ್‌ಇನ್ಫೋ ಹಾಕಿದರೆ ‘ಡಿಪೆಂಡ್ಸ್’ ಸಾಲಿನಲ್ಲೂ ಇದು ಕಾಣುತ್ತದೆ. ದೊಡ್ಡ ಲಿನಕ್ಸ್‌ನಲ್ಲಿ ಮಾಡ್‌ಪ್ರೋಬ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಇ-ರೀಡರ್‌ನಲ್ಲಿ ನಾವೇ ಒಂದೊಂದಾಗಿ ಇನ್ಸ್‌ಮಾಡ್ ಮಾಡಬೇಕು.

‘ಎಇಎಬಿಐ_ಯುಎಲ್‌ಡಿವ್‌ಮಾಡ್’ ಅನ್ನುವ ಹೆಸರು ಕಂಡರೆ ಹುಡುಕುತ್ತಾ ಕೂರಬೇಡಿ, ಅದು ಯಾವ ಮಾಡ್ಯೂಲ್‌ನಲ್ಲೂ ಸಿಗುವುದಿಲ್ಲ. ನೀವೇ ಬರೆದ ಅಥವಾ ಬೇರೆ ಕಡೆಯಿಂದ ತಂದ ಕೋಡ್‌ನಲ್ಲಿ 64 ಬಿಟ್ ಸಂಖ್ಯೆಯ ಭಾಗಾಕಾರ ಇದೆ. 32 ಬಿಟ್ ಆರ್ಮ್ ಕರ್ನಲ್ ಅದನ್ನು ನೇರವಾಗಿ ಮಾಡುವುದಿಲ್ಲ. ಆ ಭಾಗಾಕಾರದ ಜಾಗದಲ್ಲಿ ಡಿವ್_ಯು64 ಅಥವಾ ಡೂ_ಡಿವ್ ಬಳಸಿ.

ಹೆಸರು ಕರ್ನಲ್‌ನಲ್ಲೇ ಇದೆ, ಆದರೂ ಸಿಗುತ್ತಿಲ್ಲ ಅಂದರೆ ಲೈಸೆನ್ಸ್ ಸಾಲು ನೋಡಿ. ಕೆಲವು ಫಂಕ್ಷನ್‌ಗಳು ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನ ಮಾಡ್ಯೂಲ್‌ಗಳಿಗೆ ಮಾತ್ರ ತೆರೆದಿರುತ್ತವೆ. ಕೋಡ್ ನಿಜಕ್ಕೂ ಜಿಪಿಎಲ್ ಆಗಿದ್ದು ಆ ಸಾಲು ಬರೆಯುವುದು ಮರೆತಿದ್ದರೆ ಸೇರಿಸಿ.

## ಲಕ್ಷಣ: ಸಣ್ಣಪುಟ್ಟ ಬೇರೆ ದೂರುಗಳು

“ಫೈಲ್ ಎಕ್ಸಿಸ್ಟ್ಸ್” ಅಂದರೆ ಮಾಡ್ಯೂಲ್ ಆಗಲೇ ಲೋಡ್ ಆಗಿದೆ. ಎಲ್‌ಎಸ್‌ಮಾಡ್ ನೋಡಿ. “ನೋ ಸಚ್ ಫೈಲ್” ಬಂದರೆ ಯುಎಸ್‌ಬಿ ವೈರ್ ನೋಡಿ. ಕಂಪ್ಯೂಟರಿಗೆ ಡಿಸ್ಕ್ ಆಗಿ ತೆರೆದುಕೊಂಡಿರುವಾಗ ಸಾಧನದ ಕಡೆ ಆ ಪುಸ್ತಕಗಳ ಪಾರ್ಟಿಷನ್ ಇರುವುದಿಲ್ಲ. ಲಾಗ್‌ನಲ್ಲಿ “ಟೇಂಟ್ಸ್ ಕರ್ನಲ್” ಅಂತ ಬಂದರೆ ಗಾಬರಿ ಬೇಡ, ಹೊರಗಿನ ಮಾಡ್ಯೂಲ್ ಸೇರಿದೆ ಅನ್ನುವ ಟಿಪ್ಪಣಿ ಅಷ್ಟೇ.

## ಲಕ್ಷಣ: ಲೋಡ್ ಆಯಿತು, ಕೆಲಸ ಮಾತ್ರ ಮಾಡುತ್ತಿಲ್ಲ

ಸಿಐಎಫ್‌ಎಸ್ ಲೋಡ್ ಆದ ಸಂಭ್ರಮದಲ್ಲಿ ಕಂಪ್ಯೂಟರಿನ ಫೋಲ್ಡರನ್ನು ಮೌಂಟ್ ಮಾಡಲು (ಸಾಧನಕ್ಕೆ ಜೋಡಿಸಲು) ಹೋದರೆ “ನೋ ಸಚ್ ಫೈಲ್ ಆರ್ ಡೈರೆಕ್ಟರಿ” ಅಂತ ಬಂತು. ಫೋಲ್ಡರಿನ ಹೆಸರು ತಪ್ಪಿರಬೇಕು ಅಂತ ಒಂದು ಸಂಜೆ ಪೂರ್ತಿ ಹೆಸರು ಬದಲಾಯಿಸುತ್ತಾ ಕೂತೆ. ಕಾಣೆಯಾಗಿದ್ದು ಫೋಲ್ಡರ್ ಅಲ್ಲ. ಲಾಗ್‌ನಲ್ಲಿ ‘ಕ್ರಿಪ್ಟೋ’, ‘ಎಂಡಿ4’, ಮೈನಸ್ 2 ಇವು ಒಂದೇ ಸಾಲಿನಲ್ಲಿದ್ದವು.

ಪಾಸ್‌ವರ್ಡ್ ಪರಿಶೀಲನೆಗೆ ಸಿಐಎಫ್‌ಎಸ್‌ಗೆ ಎಂಡಿ4, ಎಂಡಿ5, ಎಚ್‌ಮ್ಯಾಕ್, ಡೆಸ್, ಎಸ್‌ಎಚ್‌ಎ256 ಮುಂತಾದ ಕ್ರಿಪ್ಟೋ ತುಂಡುಗಳು ಬೇಕು. ಇವುಗಳನ್ನು ಅದು ಲೋಡ್ ಆಗುವಾಗ ಕೇಳುವುದಿಲ್ಲ, ಮೌಂಟ್ ಮಾಡುವಾಗ ಹೆಸರು ಹಿಡಿದು ಕರೆಯುತ್ತದೆ. ಹಾಗಾಗಿ “ಅನ್‌ನೋನ್ ಸಿಂಬಲ್” ದೂರು ಬರುವುದೇ ಇಲ್ಲ. /ಪ್ರಾಕ್/ಕ್ರಿಪ್ಟೋ ತೆರೆದರೆ ಯಾವುದು ಇದೆ, ಯಾವುದು ಇಲ್ಲ ಅಂತ ಕಾಣುತ್ತದೆ. ಇಲ್ಲದವನ್ನು ಅದೇ ಸೋರ್ಸ್‌ನಿಂದ ಕಂಪೈಲ್ ಮಾಡಿ ಮೊದಲು ಲೋಡ್ ಮಾಡಿ.

ಮೈನಸ್ 112 ಬಂದರೆ ಅದು ಬೇರೆ ಕಥೆ. “ಹೋಸ್ಟ್ ಈಸ್ ಡೌನ್” ಅನ್ನುತ್ತದೆ, ಆದರೆ ಕಂಪ್ಯೂಟರ್ ಎದುರಿಗೇ ಆನ್ ಆಗಿರುತ್ತದೆ. 4.1ರ ಸಿಐಎಫ್‌ಎಸ್ ಏನೂ ಹೇಳದಿದ್ದರೆ ಎಸ್‌ಎಂಬಿ 1ರಲ್ಲಿ, ಅಂದರೆ ಫೈಲ್ ಹಂಚಿಕೊಳ್ಳುವ ಭಾಷೆಯ ಹಳೆಯ ಆವೃತ್ತಿಯಲ್ಲಿ, ಮಾತಾಡುತ್ತದೆ. ಇವತ್ತಿನ ಸರ್ವರ್‌ಗಳು ಸುರಕ್ಷತೆಯ ದೃಷ್ಟಿಯಿಂದ ಅದನ್ನು ಮುಚ್ಚಿರುತ್ತವೆ. ಲಿನಕ್ಸ್‌ನಲ್ಲಿ ಈ ಪದ್ಧತಿ ಬದಲಾಗಿದ್ದು 4.13ರಿಂದ. ಎಸ್‌ಎಂಬಿ2 ಆಯ್ಕೆ ಆನ್ ಮಾಡಿ ಕಂಪೈಲ್ ಮಾಡಿ, ಮೌಂಟ್ ಸಾಲಿನಲ್ಲಿ ‘ವರ್ಸ್=2.0’ ಅಥವಾ ‘3.0’ ಕೊಡಿ. ಸರ್ವರ್ ಕಡೆ ಹಳೆಯ ಎಸ್‌ಎಂಬಿ 1 ತೆರೆಯುವುದು ಸುಲಭದ ದಾರಿ ಅನ್ನಿಸಬಹುದು. ದಯವಿಟ್ಟು ತೆರೆಯಬೇಡಿ. ಒಂದು ಓದುವ ಹಲಗೆಗೋಸ್ಕರ ಮನೆಯ ಎಲ್ಲ ಫೈಲುಗಳನ್ನು ಅಪಾಯಕ್ಕೆ ಒಡ್ಡಿದ ಹಾಗಾಗುತ್ತದೆ.

## ಲಕ್ಷಣ: ಸಾಧನ ತಣ್ಣಗೆ ನಿಲ್ಲುತ್ತದೆ, ಅಥವಾ ತಾನಾಗಿ ರೀಸ್ಟಾರ್ಟ್ ಆಗುತ್ತದೆ

ಯಾವಾಗ ನಿಲ್ಲುತ್ತದೆ ಅಂತ ಮೊದಲು ಗಮನಿಸಿ. ನಿದ್ದೆಯಿಂದ ಎದ್ದ ಮೇಲೆ ಮಾತ್ರವಾ? ಹಾಗಿದ್ದರೆ ದೋಷ ಕಂಪೈಲ್‌ನದ್ದಲ್ಲ. ಕೋಬೋದಲ್ಲಿ ವೈಫೈ ಆಫ್ ಆದಾಗ ವೈಫೈಯ ಮಾಡ್ಯೂಲ್‌ಗಳನ್ನೇ ಕಿತ್ತುಹಾಕುತ್ತಾರೆ. ನೆಟ್‌ವರ್ಕ್ ಫೋಲ್ಡರ್ ಇನ್ನೂ ಮೌಂಟ್ ಆಗಿದ್ದರೆ, ಅದನ್ನು ಮುಟ್ಟಿದ ಪ್ರೋಗ್ರಾಂ ಬಾರದ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ಪುಸ್ತಕವನ್ನು ಸಾಧನಕ್ಕೆ ನಕಲು ಮಾಡಿಕೊಂಡು, ಫೋಲ್ಡರ್ ಅನ್‌ಮೌಂಟ್ ಮಾಡಿ, ಆಮೇಲೆ ಓದಲು ಕೂರಿ.

ಇನ್ಸ್‌ಮಾಡ್ ಮಾಡಿದ ತಕ್ಷಣ, ಅಥವಾ ಹೊತ್ತುಗೊತ್ತಿಲ್ಲದೆ ನಿಂತರೆ ಲಾಗ್‌ನಲ್ಲಿ “ಅನೇಬಲ್ ಟು ಹ್ಯಾಂಡಲ್ ಕರ್ನಲ್” ಎಂದು ಶುರುವಾಗುವ ಭಾಗ ಹುಡುಕಿ. ಇದನ್ನೇ ಊಪ್ಸ್ ಅನ್ನುವುದು. ಅದರ ಕೆಳಗೆ “ಪಿಸಿ ಈಸ್ ಆಟ್” ಅನ್ನುವ ಸಾಲಿನಲ್ಲಿ ಕುಸಿದ ಫಂಕ್ಷನ್‌ನ ಹೆಸರಿರುತ್ತದೆ. ಅದು ನಿಮ್ಮ ಮಾಡ್ಯೂಲ್‌ನದ್ದಾದರೆ ಕೋಡ್ ನೋಡಿ. ಸಂಬಂಧವೇ ಇಲ್ಲದ ಫಂಕ್ಷನ್ ಆಗಿದ್ದು ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತಿದ್ದರೆ, ಕಾನ್ಫಿಗ್ ಹೊಂದಿಲ್ಲ, ಮೆಮೊರಿ ಕೆಡುತ್ತಿದೆ. ಊಪ್ಸ್ ಬಂದ ಮೇಲೆ ಸಾಧನ ಓಡುತ್ತಿದ್ದರೂ ನಂಬಬೇಡಿ. ತಕ್ಷಣ ರೀಸ್ಟಾರ್ಟ್ ಮಾಡಿ.

ಲಾಗ್ ಓದುವ ಮುನ್ನವೇ ಸತ್ತರೆ ಬೋರ್ಡಿನ ಮೇಲಿನ ಸೀರಿಯಲ್ ಬಿಂದುಗಳೇ ಗತಿ. ವೇಗ 115200. ತಂತಿ ಮುಟ್ಟಿಸುವ ಮುನ್ನ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಹಲವು ಕಿಂಡಲ್‌ಗಳಲ್ಲಿ ಅದು 1.8 ವೋಲ್ಟ್ ಮಾತ್ರ. 5 ವೋಲ್ಟ್ ಅಡಾಪ್ಟರ್ ಮುಟ್ಟಿಸಿದರೆ ಪ್ರೊಸೆಸರ್ ಸುಟ್ಟುಹೋಗಬಹುದು. ಬೆಸುಗೆ ಹಾಕಿ ಅಭ್ಯಾಸ ಇಲ್ಲದವರು ಇಲ್ಲಿಗೇ ನಿಲ್ಲಿ, ಕೈ ಪಳಗಿದವರ ಸಹಾಯ ಪಡೆಯಿರಿ.

## ಲಕ್ಷಣ: ಸಾಧನ ಆನ್ ಆಗುವುದೇ ಇಲ್ಲ

ಕೈಯಾರೆ ಇನ್ಸ್‌ಮಾಡ್ ಮಾಡಿದ ಮಾಡ್ಯೂಲ್‌ನಿಂದ ಇಷ್ಟು ದೂರ ಬರುವುದು ಅಪರೂಪ. ರೀಸ್ಟಾರ್ಟ್ ಆದರೆ ಮಾಡ್ಯೂಲ್ ಹೋಗಿಬಿಡುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಆಗದಿದ್ದರೆ, ಬಹುಶಃ ಇನ್ಸ್‌ಮಾಡ್ ಸಾಲನ್ನು ಆರಂಭದ ಸ್ಕ್ರಿಪ್ಟ್‌ಗೆ ಸೇರಿಸಿದ್ದೀರಿ. ಮಾಡ್ಯೂಲ್ ಒಂದು ವಾರ ತೊಂದರೆ ಕೊಡದೆ ಓಡುವ ತನಕ ಹಾಗೆ ಮಾಡಬೇಡಿ. ಮಾಡಿಬಿಟ್ಟಿದ್ದರೆ ಕಾರ್ಡ್ ತೆಗೆದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ. ಮೊದಲ ಪಾರ್ಟಿಷನ್‌ನ /ಇಟಿಸಿ/ಇನಿಟ್.ಡಿ/ಆರ್‌ಸಿಎಸ್ ಫೈಲಿನಿಂದ ಆ ಸಾಲು ಅಳಿಸಿ. ಅದರಿಂದಲೂ ಆಗದಿದ್ದರೆ ಮೊದಲೇ ತೆಗೆದಿಟ್ಟ ಇಮೇಜನ್ನು ಕಾರ್ಡಿಗೆ ಬರೆಯಿರಿ. ಬರೆಯುವಾಗಲೂ ಡಿಸ್ಕಿನ ಹೆಸರು ಎರಡು ಸಲ ನೋಡಿ. ಫ್ಯಾಕ್ಟರಿ ರೀಸೆಟ್ ಕೊನೆಗಿರಲಿ, ಅದು ಪುಸ್ತಕ, ಟಿಪ್ಪಣಿ ಎಲ್ಲ ಅಳಿಸುತ್ತದೆ.

ಕಿಂಡಲ್‌ನಲ್ಲಿ ಈ ಕಾರ್ಡಿನ ಆಸರೆ ಇಲ್ಲ, ಸ್ಟೋರೇಜ್ ಬೋರ್ಡಿಗೇ ಅಂಟಿದೆ. ಅದರ ಸಿಸ್ಟಂ ಪಾರ್ಟಿಷನ್ ಓದಲು ಮಾತ್ರ ತೆರೆದಿರುತ್ತದೆ, ಬರೆಯಲು ‘ಎಂಎನ್‌ಟಿರೂಟ್ ಆರ್‌ಡಬ್ಲ್ಯೂ’ ಬೇಕು. ಆ ಆಜ್ಞೆ ಟೈಪ್ ಮಾಡುವ ಮುನ್ನ ನಿಜವಾಗಿಯೂ ಬೇಕಾ ಅಂತ ಒಮ್ಮೆ ಯೋಚಿಸಿ. ಪರೀಕ್ಷೆಗೆ ಪುಸ್ತಕಗಳ ಪಾರ್ಟಿಷನ್‌ನಲ್ಲಿಟ್ಟ ಕೆಒ ಫೈಲೇ ಸಾಕು.

## ಯಾವಾಗ ನಿಲ್ಲಿಸಬೇಕು

ಬ್ಯಾಟರಿ ಸ್ವಲ್ಪ ಉಬ್ಬಿದ್ದರೂ ಕೆಲಸ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ರಿಪೇರಿ ಅಂಗಡಿಗೆ ಒಯ್ಯಿರಿ. ವಾರಂಟಿ ಇನ್ನೂ ಇದ್ದರೆ ಮುಚ್ಚಳ ತೆಗೆಯುವ ಮುನ್ನ ಅದರ ಷರತ್ತು ಓದಿ. ಸಾಧನದ ಕಾನ್ಫಿಗ್ ಎಲ್ಲೂ ಸಿಗದೆ, ಊಹೆಯ ಕಾನ್ಫಿಗ್‌ನಿಂದ ನಾಲ್ಕೈದು ಸಲ ಊಪ್ಸ್ ಬಂದಿದ್ದರೆ ಮುಂದುವರಿಯಬೇಡಿ. ಪ್ರತಿ ಕುಸಿತದಲ್ಲೂ ಕಾರ್ಡಿನ ಮೇಲಿನ ಡೇಟಾ ಕೆಡುವ ಸಾಧ್ಯತೆ ಇದೆ.

ಯಾರನ್ನಾದರೂ ಸಹಾಯ ಕೇಳುವಾಗ “ಲೋಡ್ ಆಗ್ತಿಲ್ಲ” ಅಂತಷ್ಟೇ ಹೇಳಿದರೆ ಅವರಿಗೂ ದಾರಿ ಕಾಣುವುದಿಲ್ಲ. ಮಾಡೆಲ್ ಹೆಸರು, ಫರ್ಮ್‌ವೇರ್ ಆವೃತ್ತಿ, ಯುನೇಮ್ ಸಾಲು, ಮಾಡ್‌ಇನ್ಫೋ ಔಟ್‌ಪುಟ್, ಲಾಗ್‌ನ ಕೊನೆಯ ಮೂವತ್ತು ಸಾಲು ಕೊಡಿ. ಕೊಡುವ ಮುನ್ನ ಲಾಗ್‌ನಲ್ಲಿ ವೈಫೈ ಹೆಸರು, ಸೀರಿಯಲ್ ನಂಬರ್ ಇದ್ದರೆ ಅಳಿಸಿ.

ಇನ್ನೊಂದು ಮಾತು. ಕೋಬೋ ಹೊಸ ಫರ್ಮ್‌ವೇರ್ ಹಾಕಿಕೊಂಡ ದಿನ ಮತ್ತೆ ಯುನೇಮ್ ನೋಡಿ. ಕರ್ನಲ್ ಬದಲಾಗಿದ್ದರೆ ನಿಮ್ಮ ಹಳೆಯ ಕೆಒ ಫೈಲುಗಳನ್ನು ಬದಿಗಿಟ್ಟು, ಹೊಸ ಸೋರ್ಸ್ ಇಳಿಸಿಕೊಂಡು ಮೊದಲಿನಿಂದ ಕಂಪೈಲ್ ಮಾಡಬೇಕಾಗುತ್ತದೆ. ಡೆಬಿಯನ್ 8ರ ಆ ಕಂಟೇನರ್ ಅಳಿಸದೆ ಇಟ್ಟುಕೊಂಡಿದ್ದರೆ ಈ ಸಲ ನಿಜವಾಗಿಯೂ ಒಂದು ಸಂಜೆಯ ಕೆಲಸ.